ನುಗ್ಗೆಸೊಪ್ಪು ನಿಂಬೆಯನ್ನು ಓಡಿಸಿದ್ದು

ಮೈಯಲ್ಲಿ ರಕ್ತ ಕಡಿಮೆಯಿದೆ, ಅದಕ್ಕೇ ಈ ಏದುಸಿರು ಎಂದು ಡಾಕ್ಟರು ಹೇಳಿದ ದಿನದಿಂದ ನೀಲವ್ವನ ತಟ್ಟೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಕಾಯಂ ಆಯಿತು. ಆಕೆಯೋ ಅದರ ಮೇಲೆ ನಾಲ್ಕು ಹನಿ ನಿಂಬೆ ಹಿಂಡಿಕೊಂಡು, "ಆಹಾ, ನಿಂಬೆಹುಳಿಯ ರುಚಿಯೇ ರುಚಿ!" ಎನ್ನುತ್ತಿದ್ದಳು. ಸೊಪ್ಪಿಗೆ ಹೊಟ್ಟೆ ಉರಿಯಿತು.

"ಕಬ್ಬಿಣದಂಶ ನನ್ನದು, ಹೊಗಳಿಕೆ ಮಾತ್ರ ನಿನಗೆ! ನಾಳೆಯಿಂದ ಈ ಕಡೆ ಸುಳಿಯಬೇಡ," ಎಂದಿತು.

"ಅವಳ ರಕ್ತಕ್ಕೆ ಸೇರಬೇಕಾದದ್ದು ನೀನೇ. ನಾನು ಬಾಗಿಲು ತೆರೆಯುವವನಷ್ಟೇ," ಎಂದಿತು ನಿಂಬೆ.

"ಆ ಬಾಗಿಲು ನನಗೂ ಗೊತ್ತು!"

ನಿಂಬೆ ತಟ್ಟೆಯಿಂದ ಉರುಳಿ ಹೊರಟುಹೋಯಿತು.

ಊಟದ ಬೆನ್ನಿಗೇ ಬರುತ್ತಿದ್ದ ಚಹಾ ಈಗ ಸೊಪ್ಪಿನ ಪಕ್ಕಕ್ಕೆ ಸರಿಯಿತು. "ನಿಮ್ಮ ಸಮಾನರು ಯಾರಿದ್ದಾರೆ ಸ್ವಾಮಿ?" ಎಂದಿತು. ಸೊಪ್ಪು ಉಬ್ಬಿಹೋಯಿತು. ಹೊಗಳುತ್ತ ಹೊಗಳುತ್ತಲೇ ಚಹಾ ಅದರ ಕಬ್ಬಿಣವನ್ನು ತಬ್ಬಿ ಹಿಡಿದು, ರಕ್ತಕ್ಕೆ ಸೇರಗೊಡದೆ ಹೊರಗೆ ಸಾಗಹಾಕಿತು.

ಮೂರು ತಿಂಗಳಾದರೂ ನೀಲವ್ವನ ಏದುಸಿರು ನಿಲ್ಲಲಿಲ್ಲ. "ಈ ಸೊಪ್ಪಿನಲ್ಲಿ ಏನೂ ಇಲ್ಲ," ಎಂದು ಅವಳು ಪಲ್ಯವನ್ನೆಲ್ಲ ಎಮ್ಮೆಯ ಮುಂದೆ ಸುರಿದು, ಮೊಳಕೆ ಹೆಸರುಕಾಳು ತಿನ್ನಲು ಕುಳಿತಳು.

ಎಮ್ಮೆಯ ಬಾಯಿಗೆ ಹೋಗುತ್ತಿದ್ದ ಸೊಪ್ಪು ಕತ್ತು ಚಾಚಿ ಕೇಳಿತು: "ಆ ಕಾಳಿನ ಮೇಲೆ ನಿಂಬೆ ಹಿಂಡಿದ್ದಾಳೋ?"