ನೀಲಿ ಟ್ರ್ಯಾಕ್ಟರಿಗೆ ಹಳದಿ ನೇಗಿಲು

ಕೇಳಿ ಮಕ್ಕಳೇ. ಕಲ್ಲಗೋನಾಳ ಎಂಬ ರಾಜ್ಯವಿತ್ತು. ರಾಜನಿಗೆ ಆನೆ ಇತ್ತು, ಪ್ರಜೆಗಳಿಗೆ ಟ್ರ್ಯಾಕ್ಟರ್ ಇತ್ತು. ಕೆಂಪು ಟ್ರ್ಯಾಕ್ಟರಿಗೆ ಕೆಂಪು ನೇಗಿಲು, ಹಸಿರಿಗೆ ಹಸಿರು. ಹೊಂದದಿದ್ದರೆ ಊರೇ ನಗುತ್ತಿತ್ತು.

ಒಮ್ಮೆ ರಾಜ ಡಂಗುರ ಹೊಡೆಸಿದ: "ಕೆರೆಯಾಚೆಯ ಬೀಳುಭೂಮಿ ಹಂಚುತ್ತೇನೆ. ಮೂರು ದಿನದಲ್ಲಿ ತಮ್ಮ ಪಾಲು ಉತ್ತವರಿಗೆ ಅದು ಸ್ವಂತ."

ತಿಪ್ಪವ್ವನ ಎದೆ ಹಿಗ್ಗಿತು. ಹನ್ನೆರಡು ವರ್ಷ ಕಂಡವರ ಹೊಲದಲ್ಲಿ ದುಡಿದು ಹಳೆಯದೊಂದು ನೀಲಿ ಟ್ರ್ಯಾಕ್ಟರ್ ಕೊಂಡಿದ್ದಳು. ಅಂಗೈಯಗಲ ಸ್ವಂತ ಮಣ್ಣಿರಲಿಲ್ಲ. ನೇಗಿಲೂ ಇರಲಿಲ್ಲ.

ಊರಿಗೆಲ್ಲ ನೇಗಿಲು ಮಾರುವ ವ್ಯಾಪಾರಿ ಗುರುಪಾದಪ್ಪ ಮಿರಮಿರ ಮಿಂಚುವ ನೀಲಿ ನೇಗಿಲು ತೋರಿಸಿದ. "ಹೇಳಿ ಮಾಡಿಸಿದ ಜೋಡಿ, ತಂಗೀ. ಮುಟ್ಟಬೇಡ, ಬಣ್ಣ ಹೋದೀತು."

"ಮಣ್ಣೂ ಮುಟ್ಟಬಾರದೇನಣ್ಣ?"

ಕಲ್ಲೆತ್ತಿ, ಮಣ್ಣು ಸೀಳುವ ಗುಳಕ್ಕೆ ಬಡಿದಳು. ದಬ್ ಎಂದಿತು. ಪಕ್ಕದ ನೇಗಿಲಿಗೆ ಬಡಿದಳು. ಅದೂ ದಬ್. ಮೂಲೆಯಲ್ಲೊಂದು ಮಾಸಿದ ಹಳದಿ ನೇಗಿಲು. ಬಡಿದಳು. ಠಣ್!

"ಇದು ಕೊಡು."

ದಾರಿಯುದ್ದಕ್ಕೂ ನಗೆ. "ತಿಪ್ಪವ್ವಾ, ಯಾರ ಮನೆ ಸೊಸೆನ ಹೊಡ್ಕೊಂಡು ಬಂದ್ಯೇ?"

"ದುಡಿಯೋ ಸೊಸೆನ ತಂದೀನಿ. ನೀವು ನಿಮ್ಮ ಗೊಂಬೆಗೆ ಆರತಿ ಎತ್ರಿ!"

ಮೊದಲ ದಿನ ಎಲ್ಲರ ಗುಳದ ಬಣ್ಣ ಹೋಯಿತು. ಎರಡನೆಯ ದಿನ ಕೆಂಪು ನೇಗಿಲಿನ ಗುಳ ಕಳಚಿತು, ಹಸಿರಿನದೂ ಕಳಚಿತು. ಮೂರನೆಯ ದಿನ ತಿಪ್ಪವ್ವ ಕೊನೆಯ ಸಾಲು ಎಳೆದಳು.

ಗುರುಪಾದಪ್ಪ ರಾಜನ ಬಳಿಗೆ ಓಡಿದ. "ದೊರೆಯೇ, ಬಣ್ಣ ಹೊಂದದ ನೇಗಿಲಿಟ್ಟು ಅಪಶಕುನ ಮಾಡಿದಳು. ಅದಕ್ಕೇ ಉಳಿದವು ಕಳಚಿದವು. ಅವಳಿಗೆ ಭೂಮಿ ಸಲ್ಲದು."

ತಿಪ್ಪವ್ವ ಕೈ ಮುಗಿದಳು, ತಲೆ ತಗ್ಗಿಸಲಿಲ್ಲ. "ಎಲ್ಲರ ಗುಳ ಬಿಚ್ಚಿ, ತೊಳೆದು, ಸಾಲಾಗಿ ಇಡಿಸಿ. ಹಳದಿ ನೇಗಿಲಿನದು ಯಾವುದೆಂದು ಅಣ್ಣ ಬಣ್ಣ ನೋಡಿ ಹೇಳಲಿ. ಹೇಳಿದರೆ ಭೂಮಿ ಬಿಟ್ಟೆ."

ಮಣ್ಣಿನಲ್ಲಿ ಉಜ್ಜಿದ ಗುಳಗಳೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಗುರುಪಾದಪ್ಪ ಒಮ್ಮೆ ನೋಡಿದ. ಎರಡನೆಯ ಸಲ ನೋಡಿದ. ಮೂರನೆಯ ಸಲ ಒಂದೊಂದನ್ನೇ ಮಗುಚಿ, "ಇದೇ!" ಎಂದ.

"ಹೇಗೆ ಗೊತ್ತಾಯಿತು?" ಎಂದ ರಾಜ.

"ಇದರ ಬುಡದಲ್ಲಿ ಅರಗು ಮೆತ್ತಿಲ್ಲವಲ್ಲ ದೊರೆ..." ಎಂದವನೇ ನಾಲಿಗೆ ಕಚ್ಚಿಕೊಂಡ. ಬಿರುಕಿಗೆ ಅರಗು ತುಂಬಿ ಮೇಲೆ ಬಣ್ಣ ಬಳಿದ ಅವನ ಗುಟ್ಟು ಅವನ ಬಾಯಿಂದಲೇ ಹೊರಬಿತ್ತು.

ಭೂಮಿ ತಿಪ್ಪವ್ವನದಾಯಿತು. ಉಳಿದವರಿಗೆ ರಾಜ ಇನ್ನೂ ಮೂರು ದಿನ ಕೊಟ್ಟ. ಅವರ ಗುಳಗಳನ್ನೆಲ್ಲ ಗುರುಪಾದಪ್ಪನೇ ಕುಲುಮೆಯ ಮುಂದೆ ಕೂತು ಗಟ್ಟಿ ಮಾಡಿಕೊಟ್ಟ.

ಸುಗ್ಗಿ ಮುಗಿದ ಮೇಲೆ ತಿಪ್ಪವ್ವ ತನ್ನ ನೇಗಿಲಿಗೆ ತಾನೇ ನೀಲಿ ಬಣ್ಣ ಬಳಿದಳು.

"ಈಗ್ಯಾಕವ್ವ ಬಣ್ಣ?" ಎಂದ ದಾರಿಯಲ್ಲಿ ಹೋಗುವವನೊಬ್ಬ.

"ಚೆಂದ ಕಾಣ್ಲಿ ಬಿಡು!"

ಬಣ್ಣ ಬೇಡವೆಂದಲ್ಲ ಮಕ್ಕಳೇ. ಅದನ್ನು ಯಾವಾಗ ಬೇಕಾದರೂ ಬಳಿಯಬಹುದು. ಕೊಳ್ಳುವಾಗ ಮೊದಲು ಗಟ್ಟಿತನ ನೋಡಬೇಕು. ಯಾರು ನಕ್ಕರೂ ಸರಿ.