ತುತ್ತಿನ ಗುಂಡು

ಗೊಗ್ಗಿಹಾಳದ ಮೂಡಣ ಅಗಸಿಬಾಗಿಲಿನ ಹೊರಗೆ, ಜಾಲಿಮರಗಳ ನಡುವೆ ಬಿದ್ದಿರುವ ಹೆಬ್ಬಂಡೆಗೆ ತುತ್ತಿನ ಗುಂಡು ಎಂದು ಹೆಸರು. ಅದರ ಮೇಲೆ ದೇವರ ಪಾದವಿಲ್ಲ, ಶಾಸನವಂತೂ ಇಲ್ಲವೇ ಇಲ್ಲ. ನೋಡಲು ಬಂದವರು ‘ಇಷ್ಟೇನಾ?’ ಎಂದು ಮೂಗು ಮುರಿಯುವುದೂ ಉಂಟು. ಆದರೆ ಸುಗ್ಗಿ ಮುಗಿದ ಮೇಲೆ ಊರಿನ ಎರಡೂ ಓಣಿಯವರು ಇಲ್ಲಿ ಕೂಡಿ ಉಣ್ಣುತ್ತಾರೆ. ಮೇಲಿನ ಓಣಿಯವಳು ಕೆಳಗಿನ ಓಣಿಯ ಕೂಸಿಗೆ, ಕೆಳಗಿನವಳು ಮೇಲಿನ ಓಣಿಯ ಕೂಸಿಗೆ ಮೊದಲ ತುತ್ತು ಇಡುತ್ತಾಳೆ. ಆಗ ಹೆತ್ತ ತಾಯಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಏಕೆಂದು ಕೇಳಿದವರು ಕಡಿಮೆ.

ಹಿಂದೆ ಒಮ್ಮೆ, ದಂಡುಗಳು ಊರೂರು ಸುಲಿಯುತ್ತಿದ್ದ ಕಾಲದಲ್ಲಿ, ನೆರೆಯೂರಿಗೆ ಆಸರೆ ಕೇಳಿ ಬಂದವರೇ ಅಗಸಿ ತೆರೆದು ಸುಲಿಗೆಯವರನ್ನು ಒಳಬಿಟ್ಟರಂತೆ. ಅಲ್ಲಿಗೆ ಎತ್ತು ಮಾರಲು ಹೋಗಿದ್ದ, ಈ ಊರಿನ ಗಾಳೆವ್ವ ಎಂಬವಳ ಗಂಡ ಹೆಣವಾಗಿ ಮನೆಗೆ ಬಂದ. ಅಂದಿನಿಂದ ಗೊಗ್ಗಿಹಾಳದವರಿಗೆ ಹೊಸ ಮುಖ ಕಂಡರೆ ಸಾಕು, ಎದೆ ಝಲ್ಲೆನ್ನುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಗಂಟುಮೂಟೆ ಹೊತ್ತ, ತಿಳಿಯದ ಮಾತಿನ ಜನರ ಗುಂಪೊಂದು ಬಂದು ಈ ಬಂಡೆಯ ನೆರಳಿನಲ್ಲಿ ಕುಳಿತಿತು. ಅವರೂ ಸುಟ್ಟ ಊರಿನಿಂದ ಓಡಿಬಂದವರೇ. ಅದನ್ನು ಕೇಳಿ ತಿಳಿಯುವ ತಾಳ್ಮೆ ಯಾರಿಗಿತ್ತು? ಊರಗೌಡ ಮುದುಕಪ್ಪ ಗಾಳೆವ್ವನನ್ನು ಕರೆಸಿ, ಅರೆದ ಉಮ್ಮತ್ತಿ ಬೀಜವನ್ನು ಅವಳ ಉಡಿಗೆ ಹಾಕಿದ.

“ಹೆಣ್ಮಗಳು ಒಯ್ದ ಕೂಳಂದ್ರ ಯಾರೂ ಸಂಶೆ ಮಾಡಂಗಿಲ್ಲವ್ವ. ಅವ್ರು ಅಗಸಿ ದಾಟೋದ್ರಾಗ ಮುಗೀಬೇಕು,” ಎಂದ.

ಗಾಳೆವ್ವ ಒಲ್ಲೆ ಎನ್ನಲಿಲ್ಲ. ಗಂಡನ ಮುಖ ನೆನೆದು ಆ ವಿಷವನ್ನು ನುಚ್ಚಿನ ಗಡಿಗೆಯಲ್ಲಿ ಕಲೆಸಿದಳು. ಗಡಿಗೆ ಹೊತ್ತು ಬಂಡೆಯತ್ತ ನಡೆದಳು. ಎಳೆಯ ಮಗಳು ಹನುಮಿ ಹಿಂದೆಯೇ ಬಂದದ್ದು ಅವಳಿಗೆ ಗೊತ್ತಾದಾಗ ಬಂಡೆ ಎದುರಿಗಿತ್ತು. ಮಗುವನ್ನು ಹಿಂದಕ್ಕಟ್ಟಿದರೆ ಅನುಮಾನ ಬಂದೀತೆಂದು ಸುಮ್ಮನಾದಳು. ಆ ಜನರಲ್ಲಿ ಒಂದು ರೂಢಿಯಿತ್ತು: ಕೂಳು ಕೊಟ್ಟವರ ಮನೆಯ ಕೂಸು ಮೊದಲು ಉಣ್ಣದೆ ಅವರು ಉಣ್ಣುವಂತಿರಲಿಲ್ಲ. ಗುಂಪಿನ ಹಿರಿಯಳಾದ ಮುದುಕಿಯೊಬ್ಬಳು ನಗುತ್ತಾ ಗಡಿಗೆಗೆ ಕೈಹಾಕಿ, ತುತ್ತು ಮಾಡಿ, ಹನುಮಿಯ ಬಾಯಿಯ ಹತ್ತಿರ ಒಯ್ದಳು. ಹಸಿದಿದ್ದ ಮಗು ಬಾಯಿ ತೆರೆಯಿತು.

“ಬ್ಯಾಡ! ನನ್ನ ಕೂಸಿಗೆ ಹಾಕಬ್ಯಾಡ! ಅದ್ರಾಗ ಇಸ ಐತಿ!”

ಗಾಳೆವ್ವ ಮುದುಕಿಯ ಕೈಗೆ ಹೊಡೆದಳು. ಗಡಿಗೆಯನ್ನು ಎತ್ತಿ ಬಂಡೆಗೆ ಅಪ್ಪಳಿಸಿದಳು. ಮಾತು ತಿಳಿಯದಿದ್ದರೇನು, ಆ ತಾಯಿಯ ಮುಖ ನೋಡಿದ ಮೇಲೆ ತಿಳಿಯಲು ಇನ್ನೇನು ಉಳಿದಿತ್ತು? ಬಂದ ಗಂಡಸರು ಬಡಿಗೆ ಹಿಡಿದು ಎದ್ದರು. ಅಗಸಿಯ ಮರೆಯಲ್ಲಿದ್ದ ಊರವರು ಕುಡುಗೋಲು ಹಿಡಿದು ಹೊರಬಂದರು. ಮುದುಕಿ ಮಾತ್ರ ಕೈಯೆತ್ತಿ ತನ್ನವರನ್ನು ಕುಳ್ಳಿರಿಸಿದಳು; ಅದನ್ನು ಕಂಡು ಊರವರೂ ಇದ್ದಲ್ಲೇ ನಿಂತರು. ಅವಳು ಮೂರು ಕಲ್ಲು ಹೂಡಿ, ತನ್ನ ಗಂಟಿನ ಕಾಳು ಬೇಯಿಸಿದಳು. ಬೆಂದದ್ದೇ ತಡ, ಊದಿ ಆರಿಸಿದ ಒಂದು ತುತ್ತು ಹಿಡಿದು, ತನ್ನ ಮನೆಯ ಕೂಸೆಂಬಂತೆ ಹನುಮಿಯನ್ನೇ ಕರೆದಳು. ದಾರಿಯಲ್ಲಿ ಕಲಿತ ಒಂದೇ ಒಂದು ಮಾತು ಅವಳಿಗೆ ಬರುತ್ತಿತ್ತು.

“ಉಣ್ಣು.”

ಗಾಳೆವ್ವನ ಜೀವ ಬಾಯಿಗೆ ಬಂತು. ತಾನು ಮಾಡಿದ್ದನ್ನೇ ಅವಳೂ ಮಾಡಿದ್ದರೆ? ಆ ಗಂಟಿನಲ್ಲಿ ಏನಿತ್ತೋ ಯಾರು ಕಂಡವರು! ತಡೆದರೆ ಅಲ್ಲೇ ನೆತ್ತರು ಹರಿಯುತ್ತದೆ. ತಡೆಯದಿದ್ದರೆ, ಇರುವುದೊಂದೇ ಕೂಸು. ಮತ್ತೆ ಹೊಡೆಯಲು ಮೇಲೆದ್ದ ತನ್ನ ಕೈಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಮಗು ಬಾಯಿ ತೆರೆಯಿತು, ಅಗಿಯಿತು, ನುಂಗಿತು. ಊರಿಗೆ ಊರೇ ಉಸಿರು ಹಿಡಿದು ನೋಡಿತು.

“ಇನ್ನೊಂದೀಟು ಕೊಡು, ಆಯಿ,” ಎಂದಳು ಹನುಮಿ.

ಅಂದು ಬಂದವರೇ ಕೆಳಗಿನ ಓಣಿಯವರು ಎನ್ನುತ್ತಾರೆ. ಈಗ ಯಾರ ಮಾತು ಯಾರದೆಂದು ಬಿಡಿಸಿ ಹೇಳುವುದು ಕಷ್ಟ. ಬೀಗತನವೂ ಬೆಳೆದಿದೆ, ಜಗಳವೂ ಬೆಳೆದಿದೆ. ಆದರೂ ಸುಗ್ಗಿಯ ಊಟದ ದಿನ, ಕೂಸು ಬಾಯಿ ತೆರೆಯುವ ಆ ಒಂದು ಗಳಿಗೆ ಬಂಡೆಯ ಸುತ್ತ ಯಾರೂ ಮಾತಾಡುವುದಿಲ್ಲ. ನೋಡಲು ಬಂದವರು ಎದುರಿಗೆ ನಿಂತು, ತಾಯಂದಿರ ನಗುಮುಖ ಕಂಡು ಹಿಗ್ಗುತ್ತಾರೆ. ಬೆನ್ನ ಹಿಂದೆ ಒಂದು ಕೈ ಇನ್ನೊಂದನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ.