ಬೆಳ್ಳನ ಹತ್ತು ಹೆಣ್ಣುಬೀಜ

ಹೂಂಗುಟ್ಟುವವರು ಹೂಂಗುಟ್ಟಿ, ನಗುವವರು ನಗಿ. ಆದರೆ ನಗುವ ಮುಂಚೆ ಆ ತಾಯಿಯ ಎದೆ ಎಷ್ಟು ಸಲ ಧಸಕ್ಕೆಂದಿತು ಅನ್ನುವುದನ್ನೂ ಒಂದು ಚೂರು ನೆನಪಿಡಿ.

ಬೆಟ್ಟದ ತಪ್ಪಲಲ್ಲಿ ಒಂದು ಊರು. ಊರ ಕೊನೆಯಲ್ಲಿ ದೊಡ್ಡತಾಯಮ್ಮನ ಮನೆ. ಮನೆಯ ಹಿಂದೆ ಕೂಗಳತೆಯಲ್ಲಿ ಒಂದು ತುಂಡು ಹೊಲ, ಹೊಲದ ತುಂಬ ಮುಸುಕಿನ ಜೋಳ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗಳು ಮುದ್ದಿ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಮಗ ಬೆಳ್ಳ. ಮೀಸೆ ಬಂದಿತ್ತು, ಮೈ ಬಂದಿತ್ತು, ಬುದ್ಧಿ ಮಾತ್ರ ಬರುವ ದಾರಿಯಲ್ಲಿ ಎಲ್ಲೋ ಕೂತುಬಿಟ್ಟಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. "ಬಾಗಿಲು ನೋಡ್ಕೊಂಡಿರು" ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ನಾಯಿ ಹಿತ್ತಲಿಂದ ಬಂದು ಮುದ್ದೆ ತಿಂದುಕೊಂಡು ಹೋಗುತ್ತಿತ್ತು.

ಆ ಸಲ ಹಿತ್ತಲಲ್ಲಿ ಕುಂಬಳದ ಬಳ್ಳಿ ಚಪ್ಪರ ತುಂಬ ಹಬ್ಬಿತು. ಹೂವೋ ಹೂವು! ಕಾಯಿ ಮಾತ್ರ ಒಂದೂ ಇಲ್ಲ.

"ಅಯ್ಯೋ ನನ್ನ ಕರ್ಮವೇ! ಎಂಥ ಬೀಜ ತಂದ್ಯಲಾ? ಬುಟ್ಟಿದ್ದೆಲ್ಲಾ ಗಂಡು ಹೂವೇ!"

"ಮತ್ತೆಂಥದ್ದು ತರ್ಬೇಕಿತ್ತವ್ವ?"

"ಹೆಣ್ಣು ಬರೋ ಬೀಜ ತರ್ಬೇಕು ಕಣ್ಲಾ! ಈ ಹುಂಜನ್ನ ಸಂತೆಗೆ ಒಯ್ದು ಮಾರು, ಬೇರೆ ಬೀಜ ತಾ. ಎಲ್ಲಾ ಹೆಣ್ಣೇನಾ ಅಂತ ಕೇಳು, ಕೇಳಿ ತಾ!"

"ಸರಿ ಕಣವ್ವ."

ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳ್ಳ ಸಂತೆಗೆ ಹೋದ. ಬದನೆ ಬೀಜದವನನ್ನು ಕೇಳಿದ, "ಎಲ್ಲಾ ಹೆಣ್ಣೇನಾ?" ಅವನು ನಕ್ಕ. ಅವರೆ ಬೀಜದವಳನ್ನು ಕೇಳಿದ, "ಎಲ್ಲಾ ಹೆಣ್ಣೇನಾ?" ಅವಳು ತಕ್ಕಡಿ ಎತ್ತಿ ಹೊಡೆಯಲು ಬಂದಳು. ಸಂತೆಯ ಹಿಂದೆ ಬೈಕಿಗೆ ಒರಗಿ ನಿಂತ ಕಪ್ಪು ಕನ್ನಡಕದವನೊಬ್ಬ ಇದನ್ನೆಲ್ಲ ಕೇಳಿಸಿಕೊಂಡ.

"ಬಾರಯ್ಯ ಇಲ್ಲಿ. ಹೆಣ್ಣು ಬೀಜ ತಾನೆ? ನನ್ನತ್ರ ಅವೆ. ಹೈಬ್ರಿಡ್ಡು! ಹತ್ತಕ್ಕೆ ಹತ್ತೂ ಹೆಣ್ಣೇ!"

"ಒಂದೂ ಗಂಡಿಲ್ವಾ?"

"ಒಂದೂ ಇಲ್ಲ. ಬಯಲಲ್ಲಿ ಹಾಕು, ಚೆನ್ನಾಗಿ ಬಿಸಿಲು ಬೀಳ್ಬೇಕು. ಬೆಳೆದ ಹೆಣ್ಮಕ್ಳನ್ನ ಸಾಕ್ದಂಗೆ ಸಾಕು. ಗಂಡು ಮಾತ್ರ ಹತ್ರ ಸುಳೀಬಾರ್ದು. ಒಂದು ಗಂಡು ಸೇರ್ತೋ, ಹತ್ತೂ ಕೆಟ್ಟೋಯ್ತವೆ. ಹೂ ಬಂದಾಗ ನಾನೇ ಬಂದು ತಗೊಂಡೋಯ್ತೀನಿ."

ಬೆಳ್ಳ ಹುಂಜ ಕೊಟ್ಟ, ಹತ್ತು ಬೀಜ ತಂದ. ಜೋಳದ ಸಾಲಿನ ನಡುವೆ, ಬಿಸಿಲು ಬೀಳುವ ಕಡೆ ಹಾಕಿದ. ಮೊಳಕೆ ಬಂತು, ಹಲ್ಲು ಹಲ್ಲಿನ ಎಲೆ ಬಂತು. ದೊಡ್ಡತಾಯಮ್ಮ ಬದುವಿನಿಂದ ಒಂದು ಸಲ ಇಣುಕಿ, "ಚೆಂಡುಹೂವು ತಂದವ್ನೆ, ಹೋಗ್ಲಿ ಬುಡು" ಅಂದುಕೊಂಡಳು. ಅವಳಿಗೆ ಮಂಡಿನೋವು, ಜೊತೆಗೆ ಬಸುರಿ ಮಗಳ ಆರೈಕೆ. ಹೊಲದ ಕಡೆ ಮತ್ತೆ ಹೋಗಲಿಲ್ಲ. ಮುಂದೆ ಅದಕ್ಕಾಗಿ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಬೆಳ್ಳ ಮಾತ್ರ ಹೊಲ ಬಿಟ್ಟು ಅಲ್ಲಾಡಲಿಲ್ಲ. ಪಕ್ಕದ ಮನೆಯ ಹೋರಿ ಬಂತು, ಓಡಿಸಿದ. ಹುಲ್ಲು ಕೊಯ್ಯಲು ಗಂಡಸರು ಬಂದರು, ಕಲ್ಲು ಬೀರಿದ. ತಾನೂ ಗಂಡಸೇ ಅಲ್ಲವೇ ಅಂತ ಒಂದು ದಿನ ಹೊಳೆಯಿತು. ಅವತ್ತಿನಿಂದ ಕಣ್ಣು ಮುಚ್ಚಿಕೊಂಡು ನೀರು ಹೊಯ್ದ.

ಹೀಗಿರುವಾಗ ಒಂದು ಬೆಳಗ್ಗೆ ದೊಡ್ಡತಾಯಮ್ಮನ ಅಣ್ಣ ಚನ್ನಂಜಯ್ಯ ಬಂದ. ತುಂಬು ಬಸುರಿಯನ್ನು ನೋಡಿ, ಹಂಗೇ ಅಳಿಯನ ಬೆಳೆ ನೋಡೋಣ ಅಂತ ಹೊಲಕ್ಕೆ ಹೋದ. ಹೋದಷ್ಟೇ ಬೇಗ ಓಡುತ್ತ ವಾಪಸು ಬಂದ. ಹಿಂದೆ ದೊಣ್ಣೆ ಹಿಡಿದು ಬೆಳ್ಳ!

"ತಂಗೀ! ನಿನ್ನ ಮಗ ಸೋದರಮಾವನ್ನೇ ಹೊಡೆಯಕ್ಕೆ ಬತ್ತನಲ್ಲಾ! ಬಸ್‌ಸ್ಟಾಂಡಲ್ಲಿ ಪೊಲೀಸ್ನೋರವ್ರೆ. ಅವ್ರಿಗೇ ಹೇಳಿ ವಸಿ ಬುದ್ಧಿ ಕಲಿಸ್ತೀನಿ!" ಅಂತ ಟವಲು ಕೊಡವಿ ಹೊರಟೇಹೋದ.

"ಯಾಕ್ಲಾ ಪಾಪಿ, ಮಾವನ್ನ ಓಡಿಸ್ದೆ?"

"ಅವ್ನು ಗಂಡಸು ಕಣವ್ವ. ಸೋಕಿದ್ರೆ ಕೆಟ್ಟೋಯ್ತವೆ."

"ನಿನ್ನ ತಲೆ ಕೆಟ್ಟೋಗೈತೆ! ಬಂದೋರ್ನ ಯಾರಾದ್ರೂ ಹೊಡೀತಾರಾ? 'ಬನ್ನಿ' ಅನ್ಬೇಕು, ಕರ್ಕೊಂಡೋಗಿ ಇರೋದ್ನೆಲ್ಲ ತೋರಿಸ್ಬೇಕು, ಕೇಳಿದ್ಕೆ ನೆಟ್ಟಗೆ ಉತ್ರ ಹೇಳ್ಬೇಕು!"

"ಸರಿ ಕಣವ್ವ."

ಅಂಥದ್ದೇನು ಬೆಳೆದಿದ್ದಾನೆ ಅಂತ ಅವಳು ಅವನ ಹಿಂದೆಯೇ ಕುಂಟುತ್ತ ಹೊಲಕ್ಕೆ ಹೋದಳು. ಗಾಳಿ ಬೀಸಿತು. ವಾಸನೆ ಮೂಗಿಗೆ ಹೊಡೆಯಿತು. ಅಲ್ಲೇ ನಿಂತಳು. ಹಿಂದೆ ಅವಳ ಗಂಡನ ಅಪ್ಪ ಮಠದ ಜಗಲಿಯಲ್ಲಿ ಸಾಧುಗಳ ಜೊತೆ ಕೂತು ಚಿಲುಮೆ ಎಳೆದು ಬರುತ್ತಿದ್ದ. ಅವನ ಅಂಗಿಯಿಂದ ಆ ವಾಸನೆಯನ್ನು ಒಗೆದೂ ಒಗೆದೂ ಅವಳ ಕೈ ಸವೆದಿತ್ತು. ಚೆಂಡುಹೂವಲ್ಲ. ಗಾಂಜಾ! ಎದೆಯೆತ್ತರ ಹತ್ತು ಗಿಡ, ಮೈತುಂಬ ಹೂ.

ಪಕ್ಕದೂರಿನಲ್ಲಿ ಒಬ್ಬ ಹುಡುಗ ಜೋಳದ ನಡುವೆ ಮೂರೇ ಮೂರು ಗಿಡ ಬೆಳೆದು ಸಿಕ್ಕಿಬಿದ್ದಿದ್ದ. ಅವನ ತಾಯಿ ಜೈಲಿನ ಬಾಗಿಲಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ದೊಡ್ಡತಾಯಮ್ಮ ಕಂಡಿದ್ದಳು. ಅವನಾದರೂ ಬುದ್ಧಿ ಇದ್ದವನು. ಬೆಳ್ಳ? ಇಲ್ಲಿ ಹೆಬ್ಬೆಟ್ಟು ಒತ್ತು ಅಂದರೆ ಒತ್ತುತ್ತಾನೆ. ಒಳಗೆ ಹೋಗು ಅಂದರೆ ಹೋಗುತ್ತಾನೆ. ಬಾ ಅನ್ನುವವರೆಗೂ ಬರುವುದಿಲ್ಲ. ಮಗ ಪೆದ್ದ ಅಂತ ಊರಿಗೆ ಗೊತ್ತು, ಕಾನೂನಿಗೆ ಗೊತ್ತಿಲ್ಲವಲ್ಲ!

ಅಷ್ಟರಲ್ಲಿ ಮನೆ ಮುಂದೆ ಬೈಕು ನಿಂತ ಸದ್ದು. ಅಣ್ಣ ಹೇಳಿಯೇಬಿಟ್ಟಿದ್ದ. ಪೇದೆ ಶಾಂತಮಲ್ಲಪ್ಪ!

"ಬೆಳ್ಳಾ! ಮುಚ್ಚಲಾ! ಹತ್ತನ್ನೂ ಮುಚ್ಚು! ಒಂದೆಲೆ ಕಾಣ್ಬಾರ್ದು!"

ಗೋಣಿಚೀಲವೋ ಜೋಳದ ಕಡ್ಡಿಯೋ ಹೊದಿಸುತ್ತಾನೆ ಅಂತ ಅವಳ ಎಣಿಕೆ. ಮನೆಗೆ ಓಡಿಬಂದು, ಪೇದೆಯನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟಳು. ಒಂದು ಲೋಟ ಮುಗಿಯಿತು, ಇನ್ನೊಂದು ಕೊಟ್ಟಳು. ಅತ್ತ ಬೆಳ್ಳ ಹಿಂಬಾಗಿಲಿಂದ ಬಂದು ಟ್ರಂಕು ತೆಗೆದ. ಹೆಣ್ಣುಮಕ್ಕಳಿಗೆ ಯಾರಾದರೂ ಗೋಣಿ ಹೊದಿಸುತ್ತಾರೆಯೇ? ಅವ್ವನದು ನಾಲ್ಕು, ಮುದ್ದಿಯದು ಆರು, ಒಟ್ಟು ಹತ್ತು ಸೀರೆ ಹೊತ್ತುಕೊಂಡು ಹೋದ.

ಮೂರನೇ ಲೋಟದ ಹೊತ್ತಿಗೆ ಬೆವರೊರೆಸಿಕೊಂಡು ಬಂದ. "ಬನ್ನಿ ಸಾರ್! ಬನ್ನಿ, ಇರೋದ್ನೆಲ್ಲ ತೋರಿಸ್ತೀನಿ!"

ದೊಡ್ಡತಾಯಮ್ಮನ ಕೈಯಿಂದ ಲೋಟ ಬಿತ್ತು. "ಬ್ಯಾಡ ಸಾಮಿ, ಬಿಸ್ಲು…" ಅನ್ನುವಷ್ಟರಲ್ಲಿ ಇಬ್ಬರೂ ಹೊಲ ಸೇರಿದ್ದರು.

ಜೋಳದ ನಡುವೆ ಹತ್ತು ಹೆಂಗಸರು. ಒಬ್ಬಳು ಕೆಂಪು ಸೀರೆ, ಒಬ್ಬಳು ಹಸಿರು, ಒಬ್ಬಳು ದೊಡ್ಡತಾಯಮ್ಮನ ಧಾರೆ ಸೀರೆ. ಎಲ್ಲರದೂ ತಲೆ ತುಂಬ ಸೆರಗು. ಗಾಳಿ ಬಂದರೆ ಮೆಲ್ಲಗೆ ಬಳುಕುತ್ತಾರೆ, ಮಾತಿಲ್ಲ. ಪೇದೆ ಗಕ್ಕನೆ ಮುಖ ತಿರುಗಿಸಿ ಬದುವಿನಲ್ಲೇ ನಿಂತ.

"ಯಾರೋ ಇವ್ರು?"

"ನಮ್ಮ ಹೆಣ್ಮಕ್ಳು ಸಾರ್. ಗಂಡಸ್ರು ಹತ್ರ ಹೋಗಂಗಿಲ್ಲ."

"ಯಾವೂರೋರು?"

"ಗೊತ್ತಿಲ್ಲ ಸಾರ್. ಸಂತೇಲಿ ತಂದೆ. ಒಂದು ಹುಂಜ ಕೊಟ್ಟೆ, ಹತ್ತು ಜನಾನ ಕೊಟ್ಟ."

"ಏನಂದೆ?!"

"ಹೂ ಬಂದ್ಮೇಲೆ ಅವನೇ ಬಂದು ಕರ್ಕೊಂಡೋಯ್ತನಂತೆ ಸಾರ್."

ಶಾಂತಮಲ್ಲಪ್ಪನ ಮುಖ ಕಪ್ಪಿಟ್ಟಿತು. ಅವನಿಗೂ ಇಬ್ಬರು ಹೆಣ್ಣುಮಕ್ಕಳು. "ಲೋ! ಲೇಡಿ ಪೊಲೀಸ್ ಇಲ್ದೆ ನಾನು ಇವ್ರನ್ನ ಮಾತಾಡ್ಸಂಗಿಲ್ಲ. ಇವತ್ತು ಸಾಯಂಕಾಲದೊಳ್ಗೆ ಹತ್ತು ಜನಾನೂ ಸ್ಟೇಷನ್ನಿಗೆ ಕರ್ಕೊಂಡು ಬರ್ಬೇಕು. ಒಬ್ಳು ಕಮ್ಮಿಯಾದ್ರೂ ನಿನ್ನ ಚರ್ಮ ಸುಲೀತೀನಿ!" ಅಂದವನೇ ಬೈಕು ಹತ್ತಿ, ಮೇಲಿನವರಿಗೆ ಸುದ್ದಿ ಹೇಳಲು ದೌಡಾಯಿಸಿದ.

ದೊಡ್ಡತಾಯಮ್ಮ ಬಾಯಿ ಬಡಿದುಕೊಂಡಳು. "ಹಾಳಾಗೋದ್ಯಲ್ಲೋ! ನಿನ್ನ ಕರ್ಕೊಂಡೋದ್ರೆ ನಾನೆಂಗ್ಲಾ ಬದುಕ್ಲಿ? ಕೀಳು! ಬೇರು ಸಮೇತ ಕೀಳು! ಒಂದೆಲೇನೂ ನಮ್ಮ ಹೊಲ್ದಲ್ಲಿ ಇರ್ಬಾರ್ದು! ಇಲ್ಲಿಂದ ಸಾಗಿಸ್ಬುಡು!"

"ಎಲ್ಲಿಗವ್ವ?"

ಅವಳು ಬಾಯಿ ತೆರೆದಳು. ಅದೇ ಹೊತ್ತಿಗೆ ಮನೆಯೊಳಗಿಂದ ಮುದ್ದಿ ಕಿರುಚಿದಳು. ನೋವು ಶುರುವಾಗಿತ್ತು. ತಾಯಿ ಒಳಗೆ ಓಡಿದಳು, ಮಾತು ಅಲ್ಲೇ ಉಳಿಯಿತು.

ಅವತ್ತು ಮಧ್ಯಾಹ್ನವೆಲ್ಲ ಅವಳ ಒಂದು ಕೈ ಮಗಳ ಬೆನ್ನ ಮೇಲೆ, ಒಂದು ಕಿವಿ ಬೀದಿಯ ಮೇಲೆ. ಎಲ್ಲಿ ಬೈಕು ಸದ್ದಾದರೂ ಜೀವ ಬಾಯಿಗೆ ಬರುತ್ತಿತ್ತು. ಸೂಲಗಿತ್ತಿ ಬಂದಳು, ನೀರು ಕಾಯಿತು, ಹೊತ್ತು ಇಳಿಯಿತು. ಕೊನೆಗೆ ಕೂಸು ಅತ್ತಿತು. ಹೆಣ್ಣು! ಮೊರಕ್ಕೆ ಬಟ್ಟೆ ಹಾಸಿ ಮಲಗಿಸಿದರು. ದೊಡ್ಡತಾಯಮ್ಮ ಉಸಿರು ಬಿಟ್ಟು ಕೇಳಿದಳು, "ಬೆಳ್ಳ ಎಲ್ಲಿ?"

"ಆಗ್ಲೇ ಎತ್ತಿನಗಾಡಿ ಕಟ್ಕೊಂಡು ಹೋದ್ನಲ್ಲ," ಅಂದಳು ಸೂಲಗಿತ್ತಿ. "ಹತ್ತು ಜನ ಹೆಂಗಸ್ರನ್ನ ಒರಗಿಸ್ಕೊಂಡು. ನಾನು ಬರುವಾಗ ಒಬ್ಬೊಬ್ರಿಗೂ ಅರಿಶಿನ ಕುಂಕುಮ ಇಟ್ಟು, ಮಡಿಲಕ್ಕಿ ಕಟ್ತಿದ್ದ. ಅತ್ತೆ ಮನೆ ಎಲ್ಲಪ್ಪ ಅಂದೆ. ಪೊಲೀಸ್ ಸ್ಟೇಷನ್ನು ಅಂದ."

ಮಂಡಿನೋವು ಎಲ್ಲಿ ಹೋಯಿತೋ! ಆ ತಾಯಿ ಬರಿಗಾಲಲ್ಲಿ ಓಡಿದಳು.

ಸ್ಟೇಷನ್ನಿನ ಅಂಗಳದಲ್ಲಿ ಗಾಡಿ ನಿಂತಿತ್ತು. ಎಸ್ಸೈ ಮೇಡಂ ಗಾಡಿಯ ಹತ್ತಿರ ಬಗ್ಗಿ, ಮೆತ್ತಗಿನ ದನಿಯಲ್ಲಿ ಕೇಳುತ್ತಿದ್ದರು. "ಹೆದರ್ಬೇಡಮ್ಮ. ನಾನಿದ್ದೀನಿ. ಯಾರು ನಿನ್ನ ಮಾರಿದ್ದು? ಸೆರಗು ತೆಗೆದು ಮುಖ ತೋರಿಸು."

ಮೇಡಂ ತಾವೇ ಸೆರಗು ಸರಿಸಿದರು. ಮುಖವಿಲ್ಲ, ಎಲೆ! ಎರಡನೆಯವಳದು ಸರಿಸಿದರು. ಎಲೆ! ಶಾಂತಮಲ್ಲಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಏನಯ್ಯಾ ಇದು?!" ಅಂತ ಮೇಡಂ ಬೆಳ್ಳನನ್ನು ಕೇಳಿದರು.

"ಹತ್ತೂ ಹೆಣ್ಣೇ ಮೇಡಂ. ಒಂದೂ ಕಮ್ಮಿ ಇಲ್ಲ, ಎಣಿಸ್ಕೊಳ್ಳಿ."

"ಯಾರು ಬೆಳೆಸು ಅಂದಿದ್ದು?"

ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳಬೇಕು ಅಂತ ಅವ್ವ ಹೇಳಿದ್ದಳಲ್ಲ! ಏದುಸಿರು ಬಿಡುತ್ತ ಗೇಟಿನೊಳಗೆ ಬರುತ್ತಿದ್ದ ದೊಡ್ಡತಾಯಮ್ಮನ ಕಡೆ ಬೆಳ್ಳ ಕೈತೋರಿಸಿದ. "ಇವ್ಳೇ ಮೇಡಂ! ಹೆಣ್ಣು ಬರೋ ಬೀಜನೇ ತಾ ಅಂದೋಳು ಇವ್ಳೇ!"

ಎಲ್ಲರೂ ಅವಳ ಕಡೆ ತಿರುಗಿದರು. ಬೆಳಗ್ಗೆಯಿಂದ ಹೊಡೆದುಕೊಳ್ಳುತ್ತಿದ್ದ ಎದೆ ಆಗ ಒಂದು ಗಳಿಗೆ ತಣ್ಣಗಾಯಿತು.

"ಹೂಂ ತಾಯಿ," ಅಂದಳು. "ನಾನೇ ಅಂದಿದ್ದು. ಕರ್ಕೊಂಡೋಗದಾದ್ರೆ ನನ್ನ ಕರ್ಕೊಂಡೋಗಿ. ಅವ್ನು ಯಾರೋ ಕೊಟ್ಟಿದ್ದ ತಂದ, ಸಾಕು ಅಂದಿದ್ಕೆ ಸಾಕ್ದ. ಅವ್ನಿಗೆ ಕತ್ಲೇಲಿ ಒಬ್ನೇ ಮಲಗಕ್ಕೆ ಬರಲ್ಲ."

ಮೇಡಂ ಅವಳ ಬರಿಗಾಲು ನೋಡಿದರು. ಗಾಡಿಯಲ್ಲಿ ಕುಂಕುಮ ಇಟ್ಟುಕೊಂಡು ಒರಗಿದ ಗಿಡಗಳನ್ನು ನೋಡಿದರು. ಬೆಳ್ಳನನ್ನು ನೋಡಿದರು, ಅವನು ನಕ್ಕ. ಇಷ್ಟು ವರ್ಷದಲ್ಲಿ ಗಾಂಜಾಕ್ಕೆ ಮಡಿಲು ತುಂಬಿ ಸ್ಟೇಷನ್ನಿಗೆ ಕರೆತಂದವನನ್ನು ಅವರು ಕಂಡಿರಲಿಲ್ಲ. ಬಹಳ ಹೊತ್ತು ವಿಚಾರಿಸಿದರು. ತಾನಾಗೇ ತಂದು ಒಪ್ಪಿಸಿದ್ದಾನೆ ಅಂತ ಬರೆದುಕೊಂಡರು. ಗಿಡ ಇಟ್ಟುಕೊಂಡು ಸೀರೆ ವಾಪಸು ಕೊಟ್ಟರು. ಕಪ್ಪು ಕನ್ನಡಕದವನನ್ನು ಹುಡುಕಲು ಶಾಂತಮಲ್ಲಪ್ಪನನ್ನು ಓಡಿಸಿದರು. ಕರೆದಾಗ ಇಬ್ಬರೂ ಬರಬೇಕು ಅಂದರು. ಕೊನೆಗೆ ಬೆಳ್ಳನಿಗೆ ಬೆರಳು ತೋರಿಸಿ ಗದರಿದರು.

"ಕೇಳಿಸ್ಕೊ! ಇನ್ಮೇಲೆ ನಿಮ್ಮನೆಗೆ ಹೆಣ್ಣು ಅಂತ ಏನೇ ಹೊಸದಾಗಿ ಬಂದ್ರೂ, ಎಷ್ಟೇ ಚಿಕ್ಕದಿದ್ರೂ, ಮೊದ್ಲು ಇಲ್ಲಿಗೆ ತಂದು ನನಗೆ ತೋರಿಸ್ಬೇಕು. ನಾನು ಹೂಂ ಅಂದ್ಮೇಲೇ ಬೆಳೆಸ್ಬೇಕು!"

"ಸರಿ ಮೇಡಂ."

ದೊಡ್ಡತಾಯಮ್ಮ ಹತ್ತು ಸೀರೆಯನ್ನೂ ಎದೆಗೆ ಅವುಚಿಕೊಂಡು, ಮಗನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಗಾಡಿಯಲ್ಲಿ ಮನೆಗೆ ಬಂದಳು. ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲ. ಬೈದರೆ ಅದರಿಂದ ಇನ್ನೇನು ಹುಟ್ಟುತ್ತದೋ ಅನ್ನುವ ಭಯ.

ಬೆಳಗಾಯಿತು. ಬಾಣಂತಿಗೆ ನೀರು ಕಾಯಿಸಿಟ್ಟು, ಕೂಸಿಗೆ ಎಣ್ಣೆ ಹಚ್ಚೋಣ ಅಂತ ಅವಳು ಒಳಗೆ ಬಂದಳು. ಮುದ್ದಿ ದಣಿದು ಮಲಗಿದ್ದಳು. ಪಕ್ಕದಲ್ಲಿ ಮೊರವಿಲ್ಲ. ಕೊಟ್ಟಿಗೆಯಲ್ಲಿ ಎತ್ತುಗಳಿಲ್ಲ. ಅಂಗಳದಲ್ಲಿ ಗಾಡಿಯಿಲ್ಲ.

"ಬೆಳ್ಳಾ!" ಅಂತ ಅವಳು ಬರಿಗಾಲಲ್ಲಿ ಬೀದಿಗೆ ಬೀಳುವ ಹೊತ್ತಿಗೆ, ಅತ್ತ ಸ್ಟೇಷನ್ನಿನಲ್ಲಿ ಎಸ್ಸೈ ಮೇಡಂ ಆಗಷ್ಟೇ ಕುರ್ಚಿಯಲ್ಲಿ ಕೂತಿದ್ದರು. ಬೆಳ್ಳ ಮೊರವನ್ನು ಜೋಪಾನವಾಗಿ ಅವರ ಮೇಜಿನ ಮೇಲೆ ಇಟ್ಟ. ಧಾರೆ ಸೀರೆಯ ಸೆರಗು ಸರಿಸಿದ. ಕಣ್ಣು ಮುಚ್ಚಿಕೊಂಡು, ಕೈ ಕಟ್ಟಿ ನಿಂತು ಕೇಳಿದ:

"ಮೇಡಂ, ಇದು ಹನ್ನೊಂದನೇದು. ಇದೂ ಹೆಣ್ಣೇ. ಬೆಳೆಸ್ಬೋದಾ?"